ಹಳೆಯ ಓಮ್ನಿಯ ವಿದ್ಯುತ್ ದೋಷ: ಮೊದಲು ಪತ್ತೆ, ಆಮೇಲೆ ರಿಪೇರಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಅನೇಕ ರೈತರ ಮನೆ ಮುಂದೆ, ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಹಳೆಯ ಕಾರೋ ವ್ಯಾನೋ ನಿಂತಿರುತ್ತದೆ. ಅವುಗಳಲ್ಲಿ ಮಾರುತಿ ಓಮ್ನಿ ನಮ್ಮ ಕಡೆ ಚೆನ್ನಾಗಿ ಪರಿಚಯವಿರುವ ಗಾಡಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಇದರ ತಯಾರಿಕೆ 2019ರಲ್ಲಿ ನಿಂತಿತು. ಆದುದರಿಂದ ಈಗ ಕೊಳ್ಳುವ ಓಮ್ನಿಗಳೆಲ್ಲ ಇನ್ನೊಬ್ಬರ ಕೈಯಲ್ಲಿ ದುಡಿದು ಬಂದವೇ. ಎಂಜಿನ್ ಗಟ್ಟಿಯಾಗಿದ್ದರೂ ಬ್ಯಾಟರಿ, ತಂತಿ, ದೀಪಗಳು ಕೈಕೊಡುವುದುಂಟು.

ಇದು ಬರೀ ಗಾಡಿಯ ಮಾತಲ್ಲ, ಬೆಳೆಯ ಮಾತು. ರೇಷ್ಮೆ ಗೂಡಿನೊಳಗೆ ಜೀವಂತ ಕೋಶ ಉಸಿರಾಡುತ್ತಿರುತ್ತದೆ. ಗೂಡನ್ನು ಮುಚ್ಚಿದ ಗಾಡಿಯಲ್ಲಿ ರಾಶಿಯಾಗಿ ಬಹಳ ಹೊತ್ತು ಬಿಟ್ಟರೆ ಬಿಸಿಯೂ ತೇವವೂ ಏರುತ್ತವೆ, ನೂಲು ಬಿಚ್ಚುವ ಗುಣ ಕುಗ್ಗುತ್ತದೆ. ಬೆಳಗಿನ ಜಾವ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ಗಾಡಿ ಅರ್ಧ ದಾರಿಯಲ್ಲಿ ನಿಂತಿತೆನ್ನಿ. ಹರಾಜು ತಪ್ಪುತ್ತದೆ, ತಿಂಗಳ ದುಡಿಮೆಗೆ ಪೆಟ್ಟು ಬೀಳುತ್ತದೆ. ಹಿಂದಿನ ದೀಪವಿಲ್ಲದೆ ಕತ್ತಲಲ್ಲಿ ಹೆದ್ದಾರಿಯಲ್ಲಿ ನಿಂತರೆ ಪ್ರಾಣಕ್ಕೇ ಅಪಾಯ.

12 ವೋಲ್ಟೆಂದು ಉದಾಸೀನ ಬೇಡ

ಕಾರಿನ ಬ್ಯಾಟರಿ 12 ವೋಲ್ಟಿನದು. ಪಂಪ್‌ಸೆಟ್ಟಿನ ವಿದ್ಯುತ್ತಿನಂತೆ ಇದು ಶಾಕ್ ಹೊಡೆಯುವುದಿಲ್ಲ. ಆದರೆ ಸ್ಪ್ಯಾನರ್ ಎರಡೂ ಕಂಬಗಳಿಗೆ ತಗುಲಿದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಕಾದು ಕೆಂಪಾಗುತ್ತದೆ. ಕೈಯ ಉಂಗುರ, ಗಡಿಯಾರ ತೆಗೆದಿಟ್ಟು ಕೆಲಸಕ್ಕೆ ಕೂರಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಉರಿಯುವ ಅನಿಲ ಹೊರಡುವುದರಿಂದ ಹತ್ತಿರ ಬೀಡಿ, ಬೆಂಕಿ ಕೂಡದು. ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಜೋಡಿಸುವಾಗ ನೆಗೆಟಿವ್ ಕೊನೆಗೆ. ಪ್ಲಗ್ಗಿಗೆ ಹೋಗುವ ದಪ್ಪ ತಂತಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಎಂಜಿನ್ ಓಡುವಾಗ ಅದನ್ನು ಮುಟ್ಟಬಾರದು.

ಸಾಮಾನು ಹೆಚ್ಚು ಬೇಡ. 12 ವೋಲ್ಟಿನ 5 ವ್ಯಾಟ್ ಬಲ್ಬಿಗೆ ಎರಡು ಉದ್ದ ತಂತಿ ಕಟ್ಟಿದರೆ ಟೆಸ್ಟ್ ಲ್ಯಾಂಪ್ ಆಯಿತು. ಒಂದು ಸಾಧಾರಣ ಮಲ್ಟಿಮೀಟರ್, ಸ್ಪ್ಯಾನರ್, ಉಪ್ಪುಕಾಗದ, ಇನ್ಸುಲೇಷನ್ ಟೇಪು, ನಾಲ್ಕು ಬದಲಿ ಫ್ಯೂಸು ಇದ್ದರೆ ಸಾಕು.

ಸ್ಟಾರ್ಟ್ ಆಗದಿದ್ದರೆ

ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ದೀಪ ಪೂರಾ ಮಂಕಾಗಿ ‘ಕಟಕಟ’ ಸದ್ದು ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ದೀಪ ಪ್ರಕಾಶವಾಗಿಯೇ ಉಳಿದು ಎಂಜಿನ್ ತಿರುಗದಿದ್ದರೆ ದೋಷ ಸ್ಟಾರ್ಟರ್ ಅಥವಾ ಅದರ ತಂತಿಯ ಕಡೆ ಇದೆ.

ಹೊಸ ಬ್ಯಾಟರಿಗೆ ಹಣ ಕೊಡುವ ಮೊದಲು ಟರ್ಮಿನಲ್ಲುಗಳನ್ನು ನೋಡಿ. ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ಅಡಿಗೆ ಸೋಡಾ ಕಲಸಿದ ನೀರಿನಿಂದ ತೊಳೆದು (ಆ ನೀರು ಬ್ಯಾಟರಿಯ ಒಳಗೆ ಹೋಗದಿರಲಿ), ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಅನೇಕ ವೇಳೆ ರೋಗ ಇಷ್ಟಕ್ಕೇ ವಾಸಿ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ?

ಆಮೇಲೆ ಮೀಟರಿನಿಂದ ಅಳೆಯಿರಿ. ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜ್ ಇದೆ. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಇರಬೇಕು. 13ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಮೊದಲು ಅದರ ಬೆಲ್ಟಿನ ಬಿಗಿ ನೋಡಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಬೇಗ ಹಾಳಾಗುತ್ತದೆ.

ಡೈನಮೋ ಕಾಲದ ಜೀಪು, ಕಾರುಗಳಲ್ಲಿ ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ಪರೀಕ್ಷಿಸುವ ರೂಢಿಯಿತ್ತು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹೀಗೆ ಮಾಡಿದರೆ ಅದರ ಡಯೋಡುಗಳು ಸುಡಬಹುದು. ಈ ರೂಢಿಯನ್ನು ಬಿಡುವುದೇ ಲೇಸು.

ಮೂರು ದಿನಕ್ಕೆ ಮಲಗುವ ಬ್ಯಾಟರಿ

ಮಾಗಡಿ ಕಡೆಯ ಯುವ ರೈತರೊಬ್ಬರು ಹಳೆಯ ಓಮ್ನಿ ಕೊಂಡಿದ್ದರು. “ಹೊಸ ಬ್ಯಾಟರೀನೇ ಹಾಕ್ಸಿದೀನಿ ಸಾರ್, ಆದ್ರೂ ಮೂರು ದಿನ ನಿಲ್ಸಿದ್ರೆ ಮಲೀಕೊಂಡ್ಬುಡ್ತದೆ” ಎಂಬುದು ಅವರ ದೂರು. ಗಾಡಿ ನಿಂತಾಗಲೂ ಎಲ್ಲಿಯೋ ಕರೆಂಟು ಸೋರುತ್ತಿದ್ದರೆ ಹೀಗಾಗುತ್ತದೆ. ಲೆಕ್ಕ ಸುಲಭ: 35 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಅರ್ಧ ಆಂಪಿಯರ್ ಸೋರಿದರೆ 70 ಗಂಟೆಯಲ್ಲಿ, ಅಂದರೆ ಮೂರು ದಿನದೊಳಗೆ, ಪೂರಾ ಖಾಲಿ.

ಸೋರಿಕೆ ಹುಡುಕುವ ಕ್ರಮ ಹೀಗೆ. ಕೀ ತೆಗೆದು, ಎಲ್ಲ ದೀಪ ಆರಿಸಿ, ಬಾಗಿಲು ಮುಚ್ಚಿ. ನೆಗೆಟಿವ್ ವೈರನ್ನು ಬಿಚ್ಚಿ, ಆ ವೈರಿಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನಡುವೆ ಟೆಸ್ಟ್ ಲ್ಯಾಂಪ್ ಕೂಡಿಸಿ. ಬಲ್ಬು ಉರಿದರೆ ಸೋರಿಕೆ ಇದೆ. ಈಗ ಒಂದೊಂದಾಗಿ ಫ್ಯೂಸು ತೆಗೆಯುತ್ತ ಬನ್ನಿ. ಯಾವ ಫ್ಯೂಸು ತೆಗೆದಾಗ ಬಲ್ಬು ಆರುವುದೋ ಆ ದಾರಿಯಲ್ಲೇ ಕಳ್ಳನಿದ್ದಾನೆ. ಬಲ್ಬು ಸಿಕ್ಕಿಸಿರುವಾಗ ಗಾಡಿ ಸ್ಟಾರ್ಟ್ ಮಾಡಬಾರದು.

ಆ ರೈತರ ಗಾಡಿಯಲ್ಲಿ ಎಲ್ಲ ಫ್ಯೂಸು ತೆಗೆದರೂ ಬಲ್ಬು ಆರಲಿಲ್ಲ. ಅಂದರೆ ಫ್ಯೂಸ್ ಪೆಟ್ಟಿಗೆಯನ್ನು ಹಾಯದೆ ನೇರವಾಗಿ ಬ್ಯಾಟರಿಯಿಂದ ಎಳೆದ ತಂತಿಯೊಂದು ಇರಲೇಬೇಕು. ಹುಡುಕಿದಾಗ ಹಿಂದಿನ ಮಾಲೀಕರು ಹಾಕಿಸಿದ್ದ ಸ್ಟೀರಿಯೋ ಆಂಪ್ಲಿಫೈಯರ್ ಸಿಕ್ಕಿತು. ಅದು ಹಗಲೂ ರಾತ್ರಿ ಕರೆಂಟು ಕುಡಿಯುತ್ತಿತ್ತು. ತಂತಿ ಬಿಚ್ಚಿದ ಮೇಲೆ ತೊಂದರೆ ನಿಂತಿತು. ಹಳೆಯ ಗಾಡಿ ಕೊಂಡವರು ಕಂಪನಿಯಲ್ಲಿ ಬಾರದ ಇಂಥ ಹೆಚ್ಚುವರಿ ತಂತಿಗಳನ್ನೇ ಮೊದಲು ಸಂಶಯದಿಂದ ನೋಡಬೇಕು.

ದೀಪ ಮಂಕು, ಇಂಡಿಕೇಟರ್ ಗೊಂದಲ

ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುವುದು, ಒಂದು ಕಡೆಯ ದೀಪ ಮಾತ್ರ ಮಂಕಾಗಿರುವುದು ಸಾಮಾನ್ಯವಾಗಿ ಅರ್ತ್ ಸರಿಯಿಲ್ಲದ ಗುರುತು. ಕಾರಿನಲ್ಲಿ ಕರೆಂಟು ತಂತಿಯಲ್ಲಿ ಹೋಗಿ ಬಾಡಿಯ ತಗಡಿನ ಮೂಲಕ ಹಿಂದಿರುಗುತ್ತದೆ. ದೀಪದ ಅರ್ತ್ ತಂತಿ ತಗಡಿಗೆ ಸೇರುವಲ್ಲಿ ತುಕ್ಕು ಹಿಡಿದರೆ ಹಿಂದಿರುಗುವ ದಾರಿ ಕಟ್ಟಿದಂತೆ. ಆ ಸ್ಕ್ರೂ ಬಿಚ್ಚಿ, ತಗಡು ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿಯಿರಿ. ಹುಳು ಸಾಕಣೆ ಮನೆ, ಹುಲ್ಲಿನ ಮೆದೆ, ಕಾಳಿನ ಚೀಲಗಳ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ತಂತಿಗಳನ್ನೂ ನೋಡಿಕೊಳ್ಳಬೇಕು.

ಫ್ಯೂಸಿನ ಬದಲು ತಾಮ್ರದ ತಂತಿ ಬೇಡ

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 55 ವ್ಯಾಟಿನ ಎರಡು ಹೆಡ್‌ಲೈಟಿಗೆ 110ನ್ನು 12ರಿಂದ ಭಾಗಿಸಿ: ಸುಮಾರು 9 ಆಂಪಿಯರ್. ಅದಕ್ಕೆ ತಕ್ಕ ದಪ್ಪದ ತಂತಿ, ಅದಕ್ಕೆ ತಕ್ಕ ಫ್ಯೂಸು ಇರುತ್ತದೆ. ಚಪ್ಪಟೆ ಫ್ಯೂಸುಗಳಲ್ಲಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರಿನವು. ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಬಣ್ಣದ್ದನ್ನೇ ಹಾಕಬೇಕು. ಮತ್ತೆ ಸುಟ್ಟರೆ ಎಲ್ಲಿಯೋ ತಂತಿ ತಗಡಿಗೆ ತಗುಲಿದೆ ಎಂದು ತಿಳಿದು ಹುಡುಕಬೇಕು. ತಾಮ್ರದ ತಂತಿಯನ್ನೋ ಸಿಗರೇಟಿನ ಬೇಗಡೆಯನ್ನೋ ಸಿಕ್ಕಿಸಿದರೆ ಫ್ಯೂಸಿನ ಬದಲು ವೈರಿಂಗೇ ಸುಡುತ್ತದೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಅಲ್ಲಿ ಪೆಟ್ರೋಲಿನ ಪೈಪು ಸೋರುತ್ತಿದ್ದರೆ ಒಂದು ಕಿಡಿ ಸಾಕು. ಗ್ಯಾಸ್ ಕಿಟ್ ಇರುವ ಗಾಡಿಯಲ್ಲಿ ಇನ್ನೂ ಎಚ್ಚರ ಬೇಕು.

ಎಲ್ಲಿಗೆ ನಿಲ್ಲಿಸಬೇಕು

ಟರ್ಮಿನಲ್, ಫ್ಯೂಸು, ಬಲ್ಬು, ಅರ್ತ್, ಬೆಲ್ಟು ಹೊಸಬರೂ ನೋಡಿಕೊಳ್ಳಬಹುದಾದ ಕೆಲಸ. ಆಲ್ಟರ್ನೇಟರ್, ಸ್ಟಾರ್ಟರ್ ಬಿಚ್ಚುವುದನ್ನು ಆಟೋ ಎಲೆಕ್ಟ್ರೀಷಿಯನ್‌ಗೆ ಬಿಡಬೇಕು. ಇಂಜೆಕ್ಷನ್ ಇರುವ ಗಾಡಿಗಳ ಕಂಪ್ಯೂಟರ್ ತಂತಿಗಳಿಗೆ ಟೆಸ್ಟ್ ಲ್ಯಾಂಪ್ ಹಚ್ಚಬಾರದು. ಮೀಟರಿನಲ್ಲಿ ಕಂಡ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮೆಕ್ಯಾನಿಕ್ಕಿಗೂ ದಾರಿ ಸಿಗುತ್ತದೆ, ಬೇಡದ ಖರ್ಚೂ ತಪ್ಪುತ್ತದೆ.

ಇನ್ನೊಂದು ಮಾತು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು. ಆಗಿನ ತಪಾಸಣೆಯಲ್ಲಿ ದೀಪ, ಹಾರನ್ನುಗಳನ್ನೂ ನೋಡುತ್ತಾರೆ.

ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ದಿನದಿಂದ ಗೂಡು ಬಿಡಿಸುವವರೆಗೆ ರೈತರಿಗೆ ಕೆಲವು ದಿನದ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಒಂದು ಸಂಜೆ ಟರ್ಮಿನಲ್, ಬ್ಯಾಟರಿಯ ನೀರು, ಬೆಲ್ಟು, ಹಿಂದು ಮುಂದಿನ ದೀಪಗಳನ್ನು ಪರೀಕ್ಷಿಸಿಕೊಳ್ಳಿ. ನೀರು ಕಡಿಮೆಯಿದ್ದರೆ ಬಟ್ಟಿ ಇಳಿಸಿದ ನೀರನ್ನೇ ತುಂಬಬೇಕು, ಬೋರ್‌ವೆಲ್ ನೀರು ಬೇಡ. ಕಂಡ ಸಣ್ಣ ದೋಷವನ್ನು ಅಂದೇ ಸರಿಪಡಿಸಿಕೊಂಡರೆ ಗೂಡು ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಸೇರುತ್ತದೆ.