ಹಳೆಯ ಜೀಪಿಗೆ ಯಾವ ಇಂಜಿನು?

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಡೀಸೆಲ್ ಇಂಜಿನಿನ ಗೊಡವೆ ಏಕೆಂದು ವಾಚಕ ಮಿತ್ರರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಪಹಣಿಯಿಂದ ಹಿಡಿದು ಪಂಪುಸೆಟ್ಟಿನವರೆಗೆ ಎಲ್ಲವೂ ನನಗೆ ತಿಳಿದಿರಬೇಕೆಂಬುದು ಹಿರಿಯರ ನಂಬಿಕೆ. ಈಗ ನನ್ನ ಅಣ್ಣನು ಮಲೆನಾಡಿನ ತೋಟಗಳಿಂದ ಕಾಫಿ ಮೂಟೆ ಸಾಗಿಸಲು, ನಾಲ್ಕು ಗಾಲಿಗಳಿಗೂ ಎಳೆತವಿರುವ ಹಳೆಯ ಜೀಪೊಂದನ್ನು ಕೊಳ್ಳಬೇಕೆಂದಿದ್ದಾನೆ. ಹಣದಲ್ಲಿ ಅರ್ಧ ಸಹಕಾರ ಸಂಘದ ಸಾಲ, ಉಳಿದರ್ಧ ಅವ್ವನ ಬಳೆ. ಇಂಜಿನು ಕೈಕೊಟ್ಟರೆ ಕಂತು ನಿಲ್ಲುತ್ತದೆ. ಬಳೆ ಮರಳಿ ಬಾರದು.

ನೋಡಿರುವ ಎರಡೂ ಮಹೀಂದ್ರ ಥಾರ್ ಜೀಪುಗಳೇ. 2010ರಲ್ಲಿ ಬಂದ ಈ ವಾಹನವು ಎರಡು ಬಗೆಯ ಡೀಸೆಲ್ ಇಂಜಿನುಗಳೊಂದಿಗೆ ಮಾರಾಟವಾಯಿತು. ಒಂದನ್ನು ಡಿ. ಐ. ಎಂದೂ ಇನ್ನೊಂದನ್ನು ಸಿ. ಆರ್. ಡಿ. ಇ. ಎಂದೂ ಕರೆಯುತ್ತಾರೆ. ಗಾತ್ರದಲ್ಲಿ ಎರಡೂ ಸುಮಾರು 2.5 ಲೀಟರ್, ಆದರೆ ಮೊದಲನೆಯದರ ಬಲ 63 ಅಶ್ವಶಕ್ತಿ, ಎರಡನೆಯದರದು 105. ಒಂದೇ ಹೊಟ್ಟೆಯ ಇಬ್ಬರಲ್ಲಿ ಇಷ್ಟು ಅಂತರವೇಕೆ?

ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಪಿಸ್ಟನ್ನು ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಆ ಹೊತ್ತಿಗೆ ಎಣ್ಣೆಯನ್ನು ಚಿಮುಕಿಸಿದರೆ ತಾನಾಗಿ ಉರಿಯುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಸಾಧಿಸಿ ತೋರಿಸಿದ ತತ್ತ್ವ ಇದೇ. ಹಳತು ಹೊಸತರ ಭೇದವಿರುವುದು ಮುಖ್ಯವಾಗಿ ಎಣ್ಣೆಯನ್ನು ಚಿಮುಕಿಸುವ ರೀತಿಯಲ್ಲಿ. ಹಳೆಯದರಲ್ಲಿ ಇಂಜಿನೇ ತಿರುಗಿಸುವ ಪಂಪೊಂದು ಸರದಿಯಂತೆ ಒಂದೊಂದು ಸಿಲಿಂಡರಿಗೂ ಎಣ್ಣೆಯನ್ನು ಅಳೆದು ನೂಕುತ್ತದೆ. ಹೊಸದರಲ್ಲಿ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಒಂದು ಕೊಳವೆಯಿದ್ದು, ಅದರಲ್ಲಿ ಎಣ್ಣೆ ಸದಾ ಒತ್ತಡದಲ್ಲಿರುತ್ತದೆ. ಇಂಥ ವ್ಯವಸ್ಥೆಗಳಲ್ಲಿ ಈ ಒತ್ತಡ 1,600 ಬಾರ್‌ವರೆಗೂ ಏರಬಲ್ಲದು. ಕಾರಿನ ಚಕ್ರದ ಗಾಳಿ ಎರಡು ಬಾರ್‌ಗಿಂತ ತುಸು ಹೆಚ್ಚು ಎಂದರೆ ಅಂದಾಜಾದೀತು. ನಳಿಕೆ ತೆರೆಯುವ ಕ್ಷಣವನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಹನಿ ಮಂಜಿನಂತೆ ಸಣ್ಣದಾಗುವುದರಿಂದ ಉರಿ ಪೂರ್ಣ, ಬಲ ಹೆಚ್ಚು, ಹೊಗೆ ಕಡಿಮೆ. (ಡಿ. ಐ. ಎಂದರೆ ನೇರ ಸಿಂಚನ. ಹೊಸದೂ ನೇರ ಸಿಂಚನದ್ದೇ. ಹೆಸರಿಟ್ಟವರು ಇದನ್ನು ಯೋಚಿಸಿದಂತಿಲ್ಲ.)

ಹೀಗಿದ್ದರೆ ಹೊಸದನ್ನೇ ಕೊಳ್ಳಬಾರದೆ? ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಿಬರುವವರು ಕಣ್ಣುಮುಚ್ಚಿ ಕೊಳ್ಳಲಿ. ನಮ್ಮ ಕಷ್ಟವೆಲ್ಲ ಡಬ್ಬದಲ್ಲಿ ತುಂಬಿಟ್ಟ ಡೀಸೆಲಿನದು. ಮಳೆಗಾಲದಲ್ಲಿ ಅದರೊಳಕ್ಕೆ ನೀರು ಸೇರುತ್ತದೆ. ಅಷ್ಟು ಒತ್ತಡದಲ್ಲಿ ದುಡಿಯುವ ಸೂಕ್ಷ್ಮ ನಳಿಕೆಗೆ ನೀರೂ ಧೂಳೂ ವಿಷ. ಹಳೆಯ ಪಂಪಿಗೂ ಅವು ಒಳ್ಳೆಯವಲ್ಲ. ಆದರೆ ಅದು ಕೆಟ್ಟರೆ ಪೇಟೆಯ ಪಂಪು ರಿಪೇರಿಯವನು ಬಿಚ್ಚಿ ಸರಿಪಡಿಸುತ್ತಾನೆ. ಹೊಸದಕ್ಕೆ ದೋಷ ಓದುವ ಉಪಕರಣ ಬೇಕು, ಅದನ್ನು ಬಲ್ಲವನೂ ಬೇಕು. ತೋಟದ ದಾರಿಯಲ್ಲಿ ವೇಗವೂ ಬೇಕಿಲ್ಲ. ಮೊದಲ ಗೇರಿನಲ್ಲಿ ಆಮೆಯಂತೆ ಏರಿದರೆ ಸಾಕು, ಅದಕ್ಕೆ 63 ಅಶ್ವಶಕ್ತಿ ಧಾರಾಳ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ. ಎಸ್. 6 ನಿಯಮದ ಡೀಸೆಲ್ ಜೀಪುಗಳಲ್ಲಿ ಮಸಿ ಹಿಡಿಯುವ ಶೋಧಕವೂ ಇದೆ. ಆ ಮಸಿ ಸುಟ್ಟುಹೋಗಲು ಹೊಗೆಕೊಳವೆ ಚೆನ್ನಾಗಿ ಕಾಯಬೇಕು. ನಿತ್ಯ ಮೂರು ಮೈಲಿ ತೆವಳುವ ಗಾಡಿಯಲ್ಲಿ ಅದು ಕಾಯುವುದೆಲ್ಲಿ?

ಹಳೆಯದರ ಹೊಗೆಯನ್ನು ಮಾತ್ರ ನಾನು ಸಮರ್ಥಿಸಲಾರೆ. ಹಿಂದೆ ನಡೆದು ಬರುವ ಕೂಲಿಯವರು ಅದನ್ನೇ ಉಸಿರಾಡಬೇಕು. ಆದರೂ ಅಣ್ಣನಿಗೆ ಡಿ. ಐ. ಎಂದೇ ಹೇಳಿದ್ದೇನೆ.

ಕೊಳ್ಳುವವರು ಬೆಳಗ್ಗೆ, ಇಂಜಿನು ತಣ್ಣಗಿರುವಾಗಲೇ ಹೋಗಬೇಕು. ಬಾನೆಟ್ಟು ಮುಟ್ಟಿದಾಗ ಬೆಚ್ಚಗಿದ್ದರೆ ಮಾರುವವನು ಮೊದಲೇ ಚಾಲೂ ಮಾಡಿದ್ದಾನೆಂದು ಅರ್ಥ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ರೈಲಿನಂತೆ ಬುಸುಗುಟ್ಟಿದರೆ ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು. ಸಿ. ಆರ್. ಡಿ. ಇ. ಆದರೆ ನಾಲ್ಕು ನಳಿಕೆಗಳ ಮರುಹರಿವಿನ ಕೊಳವೆಗಳಿಗೆ ನಾಲ್ಕು ಸೀಸೆ ಕಟ್ಟಿಸಿ ನೋಡಬೇಕು. ಯಾವ ಸೀಸೆ ಬೇಗ ತುಂಬುವುದೋ ಆ ನಳಿಕೆ ಸವೆದಿದೆ. ಚಾಸಿಯ ತುಕ್ಕನ್ನು ಅಡಿಯಲ್ಲಿ ಮಲಗಿಯೇ ನೋಡಬೇಕು, ಬಣ್ಣಕ್ಕೆ ಮರುಳಾಗಬಾರದು. ಕೊನೆಯದಾಗಿ ಕಾಗದಪತ್ರ: ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2011ರ ಜೀಪಿಗೆ ಆ ಗಡುವು 2026. ಆ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಅಣ್ಣನಿಗೆ ಚೀಟಿ ಬರೆದುಕೊಟ್ಟಿದ್ದೇನೆ.