ಕಳೆದುಕೊಂಡದ್ದನ್ನು ಕೊಂಡುಕೊಳ್ಳಬೇಕೆ?

2025ರ ಮೇ 7ರಂದು ಹಾಂಗ್‌ಕಾಂಗ್‌ನಲ್ಲಿ ಸೋಥ್‌ಬೀಸ್ ಸಂಸ್ಥೆ ಒಂದು ಹರಾಜನ್ನು ಗೊತ್ತುಪಡಿಸಿತ್ತು. ಹರಾಜಿಗಿದ್ದುದು ಯಾವುದೋ ರಾಜಮನೆತನದ ಒಡವೆಯಲ್ಲ. ಉತ್ತರ ಪ್ರದೇಶದ ಪಿಪ್ರಾಹ್ವಾ ಎಂಬ ಹಳ್ಳಿಯ ಸ್ತೂಪದಲ್ಲಿ, ಬುದ್ಧನದೆಂದು ನಂಬಲಾದ ಅಸ್ಥಿಗಳ ಜೊತೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಹುದುಗಿದ್ದ ರತ್ನಗಳು. ಸುದ್ದಿ ಹರಡುತ್ತಿದ್ದಂತೆ ಬೌದ್ಧ ಜಗತ್ತಿನಲ್ಲಿ ಕಳವಳ ಮೂಡಿತು. ಭಾರತ ಸರ್ಕಾರ ಕಾನೂನು ನೋಟಿಸು ಕಳುಹಿಸಿತು. ಹರಾಜು ನಿಂತಿತು. ಅದೇ ವರ್ಷದ ಜುಲೈ ಕೊನೆಯಲ್ಲಿ ರತ್ನಗಳು ದೆಹಲಿಗೆ ಬಂದಿಳಿದವು. 127 ವರ್ಷಗಳ ಬಳಿಕ ತವರಿಗೆ ಮರಳಿದ ಸಂಪತ್ತೆಂದು ನಾವೆಲ್ಲ ಸಂತೋಷಪಟ್ಟೆವು. ಸಂತೋಷ ಸಹಜವಾದುದೇ.

ಆದರೆ ಅವು ಮರಳಿದ ಬಗೆಯನ್ನು ಕೊಂಚ ತಾಳ್ಮೆಯಿಂದ ನೋಡಬೇಕು. ಅವನ್ನು ಯಾರೂ ನಮಗೆ ಒಪ್ಪಿಸಲಿಲ್ಲ. ಗೋದ್ರೆಜ್ ಉದ್ಯಮ ಸಮೂಹ ಅವನ್ನು ಹಣ ಕೊಟ್ಟು ಖರೀದಿಸಿತು, ಮೊತ್ತವನ್ನು ಪ್ರಕಟಿಸಲಿಲ್ಲ. ಸಂಗ್ರಹದ ದೊಡ್ಡ ಭಾಗವನ್ನು ಐದು ವರ್ಷಗಳ ಅವಧಿಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಎರವಲಾಗಿ ಕೊಡಲಾಗುವುದೆಂದು ಆಗ ತಿಳಿಸಲಾಯಿತು. ಅಂದರೆ ರತ್ನಗಳು ದೇಶಕ್ಕೆ ಬಂದಿವೆ, ಆದರೆ ದೇಶದ ಒಡೆತನಕ್ಕೆ ಬಂದಿಲ್ಲ. ಉದ್ಯಮಿಗಳ ಔದಾರ್ಯವನ್ನು ಕಡೆಗಣಿಸಲು ಈ ಮಾತು ಹೇಳುತ್ತಿಲ್ಲ. ನಮ್ಮ ನೆಲದಿಂದ ಹೋದ ವಸ್ತುಗಳು ಹರಾಜುಕಟ್ಟೆ ಏರಿದಾಗಲೆಲ್ಲ ನಾವು ಏನು ಮಾಡಬೇಕು, ಕಳೆದುಕೊಂಡದ್ದನ್ನು ಕೊಂಡುಕೊಳ್ಳಬೇಕೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದು ನೀತಿಯೇ ಇಲ್ಲ ಎಂಬುದನ್ನು ನೆನಪಿಸಲು ಹೇಳುತ್ತಿದ್ದೇನೆ.

ಪಿಪ್ರಾಹ್ವಾದ ಸ್ತೂಪವನ್ನು 1898ರ ಜನವರಿಯಲ್ಲಿ ಅಗೆಸಿದವನು ವಿಲಿಯಂ ಕ್ಲಾಕ್ಸ್‌ಟನ್ ಪೆಪ್ಪೆ ಎಂಬ ಆಂಗ್ಲ ಜಮೀನ್ದಾರ. ಬೃಹತ್ತಾದ ಕಲ್ಲಿನ ಪೆಟ್ಟಿಗೆಯೊಳಗೆ ಕರಂಡಕಗಳು, ಬ್ರಾಹ್ಮಿ ಲಿಪಿಯ ಬರಹ, ಅಸ್ಥಿ ಹಾಗೂ 1,800ರಷ್ಟು ರತ್ನ, ಮಣಿ, ಚಿನ್ನದ ಚೂರುಗಳು ದೊರೆತವು. 1878ರ ನಿಧಿ ಕಾಯ್ದೆಯ ಪ್ರಕಾರ ಸರ್ಕಾರ ಅವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅಸ್ಥಿಗಳು ಸಯಾಮಿನ ದೊರೆಗೆ ಸಂದವು. ಪೆಟ್ಟಿಗೆ ಮತ್ತು ಬಹುಪಾಲು ರತ್ನಗಳು ಕಲ್ಕತ್ತೆಯ ವಸ್ತುಸಂಗ್ರಹಾಲಯ ಸೇರಿದವು. ‘ನಕಲು’ಗಳೆಂದು ಪರಿಗಣಿಸಲಾದ ಸುಮಾರು ಐದನೆಯ ಒಂದು ಭಾಗ ಪೆಪ್ಪೆಯ ಬಳಿ ಉಳಿಯಿತು. ಅವನ ವಂಶಸ್ಥರು ಮಾರಲು ಹೊರಟದ್ದು ಇದನ್ನೇ. ಅಂದಿನ ಕಾನೂನಿನ ದೃಷ್ಟಿಯಲ್ಲಿ ಇದು ಕಳ್ಳತನವಲ್ಲ. ಆದರೆ ಆ ಕಾನೂನನ್ನು ಮಾಡಿದವರು ಆಳುವವರು. ಆಳಿಸಿಕೊಂಡವರಿಗೆ ಅದರಲ್ಲಿ ದನಿಯಿರಲಿಲ್ಲ. ಹಳೆಯ ವಸ್ತುಗಳ ವ್ಯಾಜ್ಯಗಳೆಲ್ಲ ಜಟಿಲವಾಗುವುದು ಈ ಗಂಟಿನಲ್ಲಿಯೇ.

ಕನ್ನಡಿಗರಿಗೆ ಈ ಗಂಟು ಹೊಸತಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ಸೊತ್ತು ಸೈನಿಕರ ಕೈಗೂ, ಲೂಟಿಯನ್ನು ಲೆಕ್ಕವಿಟ್ಟು ಹಂಚುತ್ತಿದ್ದ ಅಧಿಕಾರಿಗಳ ಕೈಗೂ ಸೇರಿತು. ಸಿಂಹಾಸನವನ್ನು ಒಡೆದು ಭಾಗ ಮಾಡಿದರು. ಅದರ ಕಟಾಂಜನವನ್ನು ಅಲಂಕರಿಸಿದ್ದ ರತ್ನಖಚಿತ ಹುಲಿಯ ತಲೆಗಳಲ್ಲಿ ಒಂದು ಬ್ರಿಟನ್ನಿನಿಂದ ಹೊರಹೋಗಲಿದೆ ಎಂದಾದಾಗ, 2021ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಅದರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಬೆಲೆ 15 ಲಕ್ಷ ಪೌಂಡ್. ಅಷ್ಟು ಹಣ ಹೊಂದಿಸಿ ದೇಶದಲ್ಲಿಯೇ ಉಳಿಸಿಕೊಳ್ಳಲು ಬ್ರಿಟಿಷ್ ಸಂಸ್ಥೆಗಳಿಗೆ ಕಾಲಾವಕಾಶ ಕೊಡುವುದು ಆ ತಡೆಯ ಉದ್ದೇಶ. ಮೈಸೂರಿನ ಹುಲಿ ಬ್ರಿಟನ್ನಿನ ರಾಷ್ಟ್ರೀಯ ನಿಧಿಯಾಯಿತು! ನಗು ಬರುವ ಸಂಗತಿಯಾದರೂ ಅದರ ಹಿಂದಿನ ಆಡಳಿತ ವ್ಯವಸ್ಥೆ ನಗುವಂಥದ್ದಲ್ಲ. ಅವರಿಗೊಂದು ನಿಯಮವಿದೆ, ಅದನ್ನು ಜಾರಿ ಮಾಡುವ ಕಚೇರಿಯಿದೆ.

ನಮ್ಮಲ್ಲಿ ಇದ್ದದ್ದು ವ್ಯಕ್ತಿಗಳ ಉತ್ಸಾಹ. 2003ರಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗವೊಂದನ್ನು ಉದ್ಯಮಿ ವಿಜಯ್ ಮಲ್ಯ ಹರಾಜಿನಲ್ಲಿ ಕೊಂಡರು. ಮರುವರ್ಷ ಅದು ಬಹಿರಂಗವಾದಾಗ ಕರ್ನಾಟಕ ಹೆಮ್ಮೆಪಟ್ಟಿತು. 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರಗಳನ್ನು 18 ಲಕ್ಷ ಡಾಲರಿಗೆ ಅವರೇ ಖರೀದಿಸಿದರು. ಬಳಿಕ ಆ ಖಡ್ಗವನ್ನು ಅವರು ಕೊಟ್ಟುಬಿಟ್ಟಿದ್ದಾರೆಂಬ ಸಂಗತಿ 2018ರಲ್ಲಿ ಸಾಲ ವಸೂಲಿಯ ವ್ಯಾಜ್ಯದ ವೇಳೆ ಲಂಡನ್ನಿನ ನ್ಯಾಯಾಲಯದಲ್ಲಿ ಹೊರಬಿತ್ತು. ಇತ್ತ 2023ರ ಮೇ ತಿಂಗಳಲ್ಲಿ ಬೊನ್‌ಹ್ಯಾಮ್ಸ್ ಸಂಸ್ಥೆ ಟಿಪ್ಪುವಿನ ಶಯನಾಗಾರದ ಖಡ್ಗವನ್ನು ಸುಮಾರು 1.4 ಕೋಟಿ ಪೌಂಡಿಗೆ, ಎಂದರೆ 140 ಕೋಟಿ ರೂಪಾಯಿಗೂ ಹೆಚ್ಚು ಬೆಲೆಗೆ ಮಾರಿತು. ವ್ಯಕ್ತಿಯ ಅಭಿಮಾನ ಅವನ ಅದೃಷ್ಟದೊಡನೆ ಏರುತ್ತದೆ, ಇಳಿಯುತ್ತದೆ. ಪರಂಪರೆಯನ್ನು ಅದರ ಮೇಲೆ ಒತ್ತೆ ಇಡಲಾಗದು.

ಹಾಗೆಂದ ಮಾತ್ರಕ್ಕೆ ಸಂಗ್ರಹಿಸುವ ಹವ್ಯಾಸವೇ ಕೆಟ್ಟದ್ದೆಂಬ ತೀರ್ಮಾನಕ್ಕೆ ಬರಬೇಕಿಲ್ಲ. ಮೂರನೆಯ ಸಾಲಾರ್ ಜಂಗ್ ತನ್ನ ಆಯುಷ್ಯವನ್ನೂ ಐಶ್ವರ್ಯವನ್ನೂ ವ್ಯಯಿಸಿ ಕೂಡಿಹಾಕಿದ್ದೇ ಹೈದರಾಬಾದಿನ ಪ್ರಸಿದ್ಧ ವಸ್ತುಸಂಗ್ರಹಾಲಯವಾಯಿತು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ, ಚಿತ್ರಕಲಾ ಪರಿಷತ್ತಿಗೆ ಎಚ್.ಕೆ. ಕೇಜ್ರಿವಾಲರು ನೀಡಿದ ಕಲಾಸಂಗ್ರಹ, ಇವೆಲ್ಲ ಖಾಸಗಿ ಆಸಕ್ತಿ ಸಾರ್ವಜನಿಕ ಆಸ್ತಿಯಾಗಿ ಮಾರ್ಪಟ್ಟ ನಿದರ್ಶನಗಳು. ಸರ್ಕಾರದ ಕಣ್ಣಿಗೆ ಬೀಳದೆ ಗುಜರಿಗೆ ಹೋಗಬಹುದಾಗಿದ್ದ ಎಷ್ಟೋ ವಸ್ತುಗಳನ್ನು ಉಳಿಸಿದವರು ಸಂಗ್ರಾಹಕರೇ.

ತೊಂದರೆ ಇರುವುದು ಮಾರುಕಟ್ಟೆಯ ಸ್ವರೂಪದಲ್ಲಿ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಪೇಟೆಯೇ ಕೆಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಪ್ರಾಚ್ಯವಸ್ತುಗಳ ಪೇಟೆಗೆ ಈ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ವಿಗ್ರಹದಷ್ಟೇ ಮುಖ್ಯವಾದ ಸರಕೆಂದರೆ ಅದರ ಒಡೆತನದ ಚರಿತ್ರೆ: ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ, ಯಾವ ದಾಖಲೆಯ ಮೇಲೆ ಬಂತೆಂಬ ವಿವರ. ವಿಗ್ರಹವನ್ನು ತಯಾರಿಸುವುದು ಕಷ್ಟ. ಈ ಚರಿತ್ರೆಯನ್ನು ತಯಾರಿಸುವುದು ಸುಲಭ.

ತಮಿಳುನಾಡಿನ ಶ್ರೀಪುರಂದಾನ್ ಗ್ರಾಮದ ದೇಗುಲದಿಂದ ಕಳವಾದ ಚೋಳರ ಕಾಲದ ನಟರಾಜನನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಮೂಲಕ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ತೆತ್ತು ಕೊಂಡಿತು. 1970ರ ಹೊತ್ತಿಗೆ ದೆಹಲಿಯಲ್ಲಿದ್ದ ಸೂಡಾನಿನ ರಾಜತಾಂತ್ರಿಕರೊಬ್ಬರು ಅದನ್ನು ಖರೀದಿಸಿ ಕೊಂಡೊಯ್ದಿದ್ದರೆಂದು ಕಾಗದಪತ್ರ ಹೇಳುತ್ತಿತ್ತು. ಆದರೆ ಅದಕ್ಕೂ ಎಷ್ಟೋ ವರ್ಷಗಳ ನಂತರ ವಿಗ್ರಹ ದೇಗುಲದಲ್ಲಿಯೇ ಇದ್ದುದಕ್ಕೆ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದ ಛಾಯಾಚಿತ್ರಗಳು ಸಾಕ್ಷಿಯಾದವು. 2014ರ ಸೆಪ್ಟೆಂಬರಿನಲ್ಲಿ ನಟರಾಜ ಮರಳಿದ. 2022ರಲ್ಲಿ ಕುಂಭಕೋಣದ ನ್ಯಾಯಾಲಯ ಕಪೂರ್‌ಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ಕೋಟಿಗಳ ವ್ಯವಹಾರವನ್ನು ಉರುಳಿಸಿದ್ದು ಹಳೆಯ ಛಾಯಾಚಿತ್ರಗಳೆಂಬುದನ್ನು ಮರೆಯಬಾರದು.

ಇವೆರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನೀತಿಯ ರೂಪುರೇಷೆ ತಾನಾಗಿ ಗೋಚರಿಸುತ್ತದೆ. ಕಳ್ಳತನದಿಂದ ಹೋದ ವಸ್ತುವಿಗೆ ಒಂದು ರೂಪಾಯಿಯನ್ನೂ ತೆರಬಾರದು. ಕೊಟ್ಟರೆ ಕಳ್ಳನಿಗೆ ಸರ್ಕಾರವೇ ಕಡೆಯ ಗಿರಾಕಿಯಾಗಿ ನಿಂತಂತಾಗುತ್ತದೆ. ಸರ್ಕಾರ ಕೊಳ್ಳುತ್ತದೆ ಎಂಬ ಸುಳಿವು ಸಿಕ್ಕಿದರೆ ಸಾಕು, ಬೆಲೆ ಏರುತ್ತದೆ. ಏರಿದ ಬೆಲೆ ಮತ್ತೊಂದು ಗುಡಿಯ ಬೀಗ ಒಡೆಸುತ್ತದೆ. ಅಂಥ ವಸ್ತುಗಳನ್ನು ಕಾನೂನಿನ ಬಲದಿಂದಲೇ ತರಬೇಕು. ಅದು ಸಾಧ್ಯವೆಂಬುದಕ್ಕೆ ಅಮೆರಿಕ 2021ರಲ್ಲಿ 157, 2024ರಲ್ಲಿ 297 ಪ್ರಾಚ್ಯವಸ್ತುಗಳನ್ನು ಭಾರತಕ್ಕೆ ಒಪ್ಪಿಸಿದ್ದೇ ಪ್ರಮಾಣ. 2024ರ ಜುಲೈನಲ್ಲಿ ಉಭಯ ದೇಶಗಳ ನಡುವೆ ಸಾಂಸ್ಕೃತಿಕ ಸ್ವತ್ತಿನ ಒಪ್ಪಂದವೂ ಆಗಿದೆ.

ವಸಾಹತು ಕಾಲದಲ್ಲಿ ಯುದ್ಧ ಅಥವಾ ಆಳರಸರ ಕಾಯ್ದೆಯ ನೆರಳಿನಲ್ಲಿ ಹೋದವುಗಳದ್ದು ಬೇರೆಯೇ ವರ್ಗ. ಅಲ್ಲಿನ ನ್ಯಾಯಾಲಯಗಳಲ್ಲಿ ನಮ್ಮ ಹಕ್ಕು ನಿಲ್ಲುವುದು ಕಷ್ಟ. ಇಲ್ಲಿ ಮಾತುಕತೆ ಮೊದಲು, ಕೊಳ್ಳುವುದು ಕಡೆಗೆ. ಅಪೂರ್ವವೆನ್ನಿಸಿದ ಕೆಲವನ್ನು ಕೊಳ್ಳಲೇಬೇಕಾದರೆ ಅದಕ್ಕೊಂದು ಶಾಸನಬದ್ಧ ನಿಧಿ, ತಜ್ಞರ ಸಮಿತಿ, ಪ್ರಕಟಿತ ಲೆಕ್ಕ ಇರಬೇಕು. ಖಾಸಗಿಯವರು ಹಣ ಹಾಕಿದರೆ ಸ್ವಾಗತಾರ್ಹ. ಆದರೆ ತೆರಿಗೆಯ ರಿಯಾಯಿತಿಗೆ ಪ್ರತಿಯಾಗಿ ಒಡೆತನ ಕಾಲಾಂತರದಲ್ಲಿ ಸಾರ್ವಜನಿಕ ಸಂಗ್ರಹಾಲಯಕ್ಕೆ ಸೇರತಕ್ಕದ್ದೆಂಬ ಕರಾರು ಮೊದಲೇ ಆಗಬೇಕು.

ಯಾವ ನೀತಿಗೂ ದಾಖಲೆಯೇ ಬುನಾದಿ. ನಮ್ಮದೆಂದು ಸಾಧಿಸಲು ಅದು ನಮ್ಮಲ್ಲಿತ್ತೆಂದು ತೋರಿಸಬೇಕು. ಆ ಕಾಲದ ಸೀಮಿತ ಸೌಕರ್ಯಗಳಲ್ಲಿ ಬಿ.ಎಲ್. ರೈಸ್ ಹಳ್ಳಿ ಹಳ್ಳಿ ಸುತ್ತಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಸ್ಥಳಸಮೇತ ನಮೂದಿಸಿದರು. ನೂರು ವರ್ಷಗಳ ಬಳಿಕ ನಮ್ಮ ಸ್ಥಿತಿ ಏನು? ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ 92 ಸ್ಮಾರಕಗಳೇ ಕಾಣುತ್ತಿಲ್ಲವೆಂದು ಮಹಾಲೇಖಪಾಲರ 2013ರ ವರದಿ ಹೇಳಿತು. ಸ್ಮಾರಕಗಳ ಹಾಗೂ ಪ್ರಾಚ್ಯವಸ್ತುಗಳ ರಾಷ್ಟ್ರೀಯ ಅಭಿಯಾನ 2007ರಲ್ಲಿ ಆರಂಭವಾಯಿತು. ದೇಶದಲ್ಲಿ 58 ಲಕ್ಷ ಪ್ರಾಚ್ಯವಸ್ತುಗಳಿರಬಹುದೆಂಬ ಅಂದಾಜಿಗೆ ಎದುರಾಗಿ ದಾಖಲಾಗಿರುವುದು 16.8 ಲಕ್ಷ ಮಾತ್ರವೆಂದು ಸಂಸದೀಯ ಸಮಿತಿ 2023ರಲ್ಲಿ ಗಮನಿಸಿತು. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ನಾಡು ಬೆಚ್ಚಿತ್ತು. ಅಷ್ಟು ಪ್ರಸಿದ್ಧವಲ್ಲದ ಊರಿನ ವಿಗ್ರಹ ಹೋದರೆ ದೂರಿಗೆ ಲಗತ್ತಿಸಲು ಒಂದು ಸ್ಪಷ್ಟ ಚಿತ್ರವಾದರೂ ಇದ್ದೀತೆ? ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಮಿಥಿಕ್ ಸೊಸೈಟಿಯ ಕೆಲಸ ಈ ನಿಟ್ಟಿನಲ್ಲಿ ಮಾದರಿಯಾದುದು. ಮುಜರಾಯಿ ದೇಗುಲಗಳ ವಿಗ್ರಹಗಳಿಗೂ ಇದು ವಿಸ್ತರಿಸಬೇಕು.

ಇನ್ನೊಂದು ಮಾತು, ನೆಲದಲ್ಲಿ ವಸ್ತು ಸಿಕ್ಕವನ ಬಗ್ಗೆ. ಪೆಪ್ಪೆಯ ಕಾಲದ 1878ರ ಕಾಯ್ದೆ ಇನ್ನೂ ಶಾಸನ ಪುಸ್ತಕದಲ್ಲಿದೆ. ಸರ್ಕಾರ ನಿಧಿಯನ್ನು ತೆಗೆದುಕೊಳ್ಳುವುದಾದರೆ ಅದರಲ್ಲಿರುವ ಲೋಹದ ಬೆಲೆಯನ್ನೂ ಅದರ ಮೇಲೆ ಐದನೆಯ ಒಂದು ಪಾಲನ್ನೂ ಕೊಡಬೇಕೆಂದು ಅದರ ಲೆಕ್ಕಾಚಾರ. ಅಂದರೆ ಸಾವಿರ ವರ್ಷದ ಕಂಚಿನ ಪ್ರತಿಮೆ ಹಂಡೆಯ ಸಮ. ಶಿಲೆಯ ವಿಗ್ರಹವಾದರೆ ಜಲ್ಲಿಕಲ್ಲಿನ ಸಮ. ಜಿಲ್ಲಾಡಳಿತದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಇಂಥ ಕಡತಗಳನ್ನು ನೋಡಿದ್ದೇನೆ. ಪಾಯ ತೆಗೆಯುವಾಗ ಸಿಕ್ಕ ವಸ್ತುವನ್ನು ಪ್ರಾಮಾಣಿಕವಾಗಿ ತಂದೊಪ್ಪಿಸಿದ ರೈತ ಮಹಜರಿಗೆ, ಹೇಳಿಕೆಗೆ, ವಿಚಾರಣೆಗೆ ಅಲೆಯುತ್ತಾನೆ; ವಸ್ತು ಮೊಹರು ಬಿದ್ದು ಖಜಾನೆಯ ಕತ್ತಲಿಗೆ ಹೋಗುತ್ತದೆ. ಇದನ್ನು ಕಂಡ ಪಕ್ಕದ ಹೊಲದವನು ಮುಂದಿನ ಸಲ ಅಕ್ಕಸಾಲಿಗನ ಮನೆಗೋ ದಳ್ಳಾಳಿಯ ಬಳಿಗೋ ಹೋದರೆ ಆಶ್ಚರ್ಯವೇನು? ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆಯಂತೆ ಸ್ವತಂತ್ರ ಸಮಿತಿ ಮಾರುಕಟ್ಟೆಯ ಬೆಲೆ ನಿಗದಿ ಮಾಡುತ್ತದೆ. ಸಿಕ್ಕವನಿಗೂ ಜಮೀನಿನ ಒಡೆಯನಿಗೂ ಬಹುಮಾನ ಸಲ್ಲುತ್ತದೆ. ಅದರ ಜೊತೆ ನಡೆಯುತ್ತಿರುವ ನೋಂದಣಿ ಯೋಜನೆಯಲ್ಲಿ ಸಾಮಾನ್ಯರು ತಂದು ತೋರಿಸಿದ 10 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಪ್ರಾಮಾಣಿಕತೆಗೆ ಬೆಲೆ ಕಟ್ಟಿದರೆ ಅದು ಬೆಳೆಯುತ್ತದೆ.

ದೇಶದೊಳಗಿನ ಸಂಗ್ರಾಹಕನ ಸ್ಥಿತಿಯೂ ಚಿಂತನಾರ್ಹ. 1976ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 1972ರ ಪ್ರಾಚ್ಯವಸ್ತುಗಳ ಕಾಯ್ದೆಯಂತೆ ನೂರು ವರ್ಷ ಮೀರಿದ ಶಿಲ್ಪಾದಿಗಳನ್ನು ನೋಂದಾಯಿಸಬೇಕು, ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ರಫ್ತು ಮಾಡುವಂತಿಲ್ಲ. ರಫ್ತಿನ ನಿಷೇಧ ಸರಿಯಾದುದೇ. ಆದರೆ ನೋಂದಣಿಯೇ ಒಂದು ಶಿಕ್ಷೆಯೆನ್ನಿಸಿದರೆ ಅಜ್ಜನ ಕಾಲದ ವಿಗ್ರಹವನ್ನು ಅಟ್ಟದ ಮೇಲೆ ಅಡಗಿಸಿಡುವವರೇ ಹೆಚ್ಚು. ಅಡಗಿಸಿಟ್ಟದ್ದೇ ಕೊನೆಗೆ ಕಳ್ಳಪೇಟೆ ಸೇರುವುದು. 2017ರಲ್ಲಿ ಕೇಂದ್ರ ಸರ್ಕಾರ ಒಳದೇಶದ ವ್ಯಾಪಾರವನ್ನು ಸಡಿಲಿಸುವ ಕರಡು ಮಸೂದೆಯೊಂದನ್ನು ಅಭಿಪ್ರಾಯಕ್ಕಾಗಿ ಪ್ರಕಟಿಸಿತ್ತು. ಸಡಿಲಿಕೆಯ ಜೊತೆಗೆ ಫ್ರಾನ್ಸಿನ ಪದ್ಧತಿಯೊಂದನ್ನೂ ಪರಿಶೀಲಿಸಬಹುದು. ಅಲ್ಲಿ ಬಹಿರಂಗ ಹರಾಜಿನಲ್ಲಿ ಸುತ್ತಿಗೆ ಬಿದ್ದ ಒಡನೆ ಸರ್ಕಾರದ ಪ್ರತಿನಿಧಿ ಎದ್ದು ನಿಂತು, ಕೂಗಿದ ಬೆಲೆಗೇ ವಸ್ತುವನ್ನು ಸಂಗ್ರಹಾಲಯಕ್ಕೆ ಪಡೆಯಬಹುದು. ಮಾರುವವನಿಗೆ ನಷ್ಟವಿಲ್ಲ, ಬೆಲೆಯ ಬಗ್ಗೆ ಸಂಶಯವಿಲ್ಲ, ವಸ್ತು ಸಾರ್ವಜನಿಕರದ್ದಾಗುತ್ತದೆ.

ಹರಾಜುಕಟ್ಟೆಯಲ್ಲಿ ಬೆಲೆ ಕೂಗುವ ಹೊತ್ತಿಗೆ ನಿಜವಾದ ಕೆಲಸದ ಕಾಲ ಮುಗಿದಿರುತ್ತದೆ. ಆಗ ಉಳಿಯುವುದು ಎರಡೇ ದಾರಿ: ಹಣ ಅಥವಾ ಹಳಹಳಿಕೆ. ಊರಿನ ಗುಡಿಯ ವಿಗ್ರಹದ ಚಿತ್ರ ತೆಗೆದು, ಅಳತೆ ಬರೆದು, ತಾಲ್ಲೂಕಿನ ಕಡತದಲ್ಲಿ ಒಂದು ಪುಟ ಮೀಸಲಿಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಆ ಪುಟವಿಲ್ಲದ ಕಾರಣಕ್ಕೆ ನಾಳೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಲಂಡನ್ನು, ಹಾಂಗ್‌ಕಾಂಗುಗಳ ಹರಾಜುಗಳು ಆಗಲೇ ತಿಳಿಸಿಕೊಟ್ಟಿವೆ.