ಎರಡು ದಿನದ ಕೂಸು ಮತ್ತು ಚುಕ್ಕಿ ಕೋಳಿ

ಮಕ್ಕಳೇ, ಕಗ್ಗತ್ತಲ ಕೋಣೆಯಲ್ಲಿ ಹನ್ನೆರಡು ಪುಟ್ಟ ದೀಪಗಳಿವೆ ಎಂದುಕೊಳ್ಳಿ. ಅಲುಗಾಡದಿದ್ದರೆ ಅವು ಬರೀ ಚುಕ್ಕಿಗಳು. ಒಮ್ಮೆ ಚಲಿಸತೊಡಗಿದವೋ, "ಅರೆ, ಯಾರೋ ನಡೀತಿದ್ದಾರೆ!" ಎನ್ನುತ್ತೀರಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗುನ್ನಾರ್ ಯೋಹಾನ್ಸನ್ 1973ರಲ್ಲಿ ತೋರಿಸಿದ ಚಮತ್ಕಾರ ಇದು. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಹರಡಿನ ಕೀಲುಗಳಲ್ಲಿ ಮಾತ್ರ ಬೆಳಕು. ಉಳಿದ ಮೈಯೆಲ್ಲ ಕತ್ತಲು. ಮುಖವಿಲ್ಲ, ಬಟ್ಟೆಯಿಲ್ಲ. ನೋಡುವವರಿಗೆ ನಡಿಗೆಯೊಂದೇ ಸಾಕಾಯಿತು.

ಇದರಲ್ಲೇನು ವಿಶೇಷ, ದೂರದಿಂದ ನಡಿಗೆ ನೋಡಿಯೇ ಇಂಥವರು ಅಂತ ಹೇಳ್ತೀವಲ್ಲ ಎಂದು ಅಜ್ಜ ಅಜ್ಜಿಯರು ಕೇಳಬಹುದು. ಸರಿ. ಆದರೆ ನಾವು ಸಾವಿರಾರು ನಡಿಗೆ ನೋಡಿದವರು. ಏನನ್ನೂ ನೋಡದ ಕೂಸಿಗೆ?

ಇಟಲಿಯ ಪಾಡುವಾ ನಗರದಲ್ಲಿ ಫ್ರಾನ್ಸೆಸ್ಕಾ ಸಿಮಿಯೋನ್ ಮತ್ತು ಸಂಗಡಿಗರು ಹುಟ್ಟಿ ಎರಡೇ ದಿನವಾದ ಶಿಶುಗಳಿಗೆ ಇಂಥ ಚುಕ್ಕಿಗಳನ್ನು ತೋರಿಸಿದರು. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಪರದೆಯ ಮೇಲೆ ನಡೆದದ್ದು ಮನುಷ್ಯನಲ್ಲ, ಕೋಳಿ! ನಗು ಬಂತೇ? ಅದರಲ್ಲೇ ಜಾಣತನವಿದೆ. ಎರಡು ದಿನದಲ್ಲಿ ಕೂಸು ಅಮ್ಮನನ್ನು, ದಾದಿಯನ್ನು ಕಂಡಿರುತ್ತದೆ; ಕೋಳಿಯನ್ನಂತೂ ಕಂಡಿರುವುದಿಲ್ಲ. ಒಂದು ಕಡೆ ಚುಕ್ಕಿಗಳ ಕೋಳಿ ಹೆಜ್ಜೆ ಹಾಕುತ್ತಿತ್ತು, ಇನ್ನೊಂದು ಕಡೆ ಚುಕ್ಕಿಗಳು ಒಂದಕ್ಕೊಂದು ಹೊಂದಿಕೆಯಿಲ್ಲದೆ ಓಡಾಡುತ್ತಿದ್ದವು. ಶಿಶುಗಳು ಹೆಚ್ಚು ಹೊತ್ತು ನೋಡಿದ್ದು ಕೋಳಿಯನ್ನೇ. ಕೋಳಿಯನ್ನು ತಲೆಕೆಳಗು ಮಾಡಿ ತೋರಿಸಿದಾಗ? ಆಗಲೂ ನೆಟ್ಟಗೆ ನಡೆಯುವ ಕೋಳಿಯೇ ಗೆದ್ದಿತು.

ತಿರುಗುವ ಫ್ಯಾನನ್ನೂ ಮಕ್ಕಳು ನೋಡುತ್ತವೆ, ನಿಜ. ಚಲಿಸುವುದೆಲ್ಲ ಕಣ್ಣು ಸೆಳೆಯುತ್ತದೆ. ಆದರೆ ಎರಡು ಚಲನೆಗಳನ್ನು ಎದುರಿಗಿಟ್ಟಾಗ ಜೀವದ ಚಲನೆಯತ್ತ ಮನಸ್ಸು ವಾಲುತ್ತದೆ. ಹಾಲು, ಬಿಸುಪು, ರಕ್ಷಣೆ ಸಿಗುವುದು ಜೀವವಿರುವವರಿಂದಲೇ ಹೊರತು ಗಾಳಿಗೆ ಹಾರಾಡುವ ಪರದೆಯಿಂದಲ್ಲ. ಒಂದು ಗೇಣಿನಾಚೆ ಎಲ್ಲವೂ ಮಸುಕಾಗಿ ಕಾಣುವ ಕೂಸಿಗೆ ಈ ಒಲವು ಸಣ್ಣ ಆಸರೆಯಲ್ಲ. ದೊಡ್ಡವರಲ್ಲಿ ಇಂಥ ನಡಿಗೆ ಕಂಡಾಗ ಚುರುಕಾಗುವ ಜಾಗವೊಂದು ಮಿದುಳಿನ ಪಕ್ಕದಲ್ಲಿ, ಕಿವಿಗಿಂತ ತುಸು ಮೇಲಿನ ಮಡಿಕೆಯೊಂದರಲ್ಲಿದೆ.

ಈ ಒಲವು ಮನುಷ್ಯರಿಗಷ್ಟೇ ಸೇರಿದ್ದಲ್ಲ. ಇಟಲಿಯಲ್ಲೇ ಜಾರ್ಜಿಯೋ ವಲ್ಲೋರ್ಟಿಗಾರ, ಲೂಸಿಯಾ ರೆಗೋಲಿನ್ ಮತ್ತು ಜೊತೆಗಾರರು ಕತ್ತಲಲ್ಲಿ ಮೊಟ್ಟೆಯೊಡೆಸಿದ ಕೋಳಿಮರಿಗಳನ್ನು ಇಂಥದೇ ಪರೀಕ್ಷೆಗೆ ಒಡ್ಡಿದ್ದರು. 2005ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮರಿಗಳು ಗೊತ್ತುಗುರಿಯಿಲ್ಲದ ಚುಕ್ಕಿಗಳನ್ನು ಬಿಟ್ಟು ಜೀವದ ನಡಿಗೆಯ ಕಡೆಗೇ ಹೋದವು. ಕೋಳಿಯ ನಡಿಗೆಯೇ ಆಗಬೇಕೆಂದಿರಲಿಲ್ಲ. ಬೆಕ್ಕಿನ ನಡಿಗೆ ತೋರಿಸಿದರೆ ಅದರತ್ತಲೂ ಹೋದವು!

ಪಾಪ, ಹಿತ್ತಿಲಲ್ಲಿ ಹೀಗೆ ಮಾಡಿದ್ದರೆ ಮರಿಯ ಗತಿ? "ಇದಕ್ಕೆ ಜೀವವಿದೆ" ಎಂದಷ್ಟೇ ಹುಟ್ಟುಗುಣ ಹೇಳಿಕೊಡುತ್ತದೆ. "ಇವರು ನಮ್ಮವರು" ಎನ್ನುವುದನ್ನು ಆಮೇಲೆ ಕಲಿಯಬೇಕು. ಮರಿಗೆ ಮೊದಲು ಎದುರಾಗುವುದು ಸಾಮಾನ್ಯವಾಗಿ ತಾಯಿಕೋಳಿಯೇ ಆದ್ದರಿಂದ ಅದು ಬಚಾವು.

ನಮ್ಮ ಕೂಸಿನ ಕಲಿಕೆ ತಿಂಗಳುಗಟ್ಟಲೆ ಸಾಗುತ್ತದೆ. ಅಮೆರಿಕದ ಅಮಾಂಡಾ ವುಡ್‌ವರ್ಡ್ 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರು ತಿಂಗಳ ಮಕ್ಕಳ ಮುಂದೆ ಎರಡು ಆಟಿಕೆಗಳಿದ್ದವು. ಒಂದು ಕೈ ಪದೇ ಪದೇ ಬಂದು ಅವುಗಳಲ್ಲೊಂದನ್ನೇ ಹಿಡಿಯುತ್ತಿತ್ತು. ಆಮೇಲೆ ಆಟಿಕೆಗಳ ಜಾಗ ಅದಲುಬದಲಾಯಿತು. ಈಗ ಕೈ ಬೇರೆ ಆಟಿಕೆಯನ್ನು ಹಿಡಿದರೆ ಮಕ್ಕಳು ಹೆಚ್ಚು ಹೊತ್ತು ದಿಟ್ಟಿಸಿದವು, "ನಿನಗೆ ಬೇಕಾದದ್ದು ಅದಲ್ಲವಲ್ಲ!" ಎನ್ನುವ ಹಾಗೆ. ಕೈಯ ಬದಲು ಒಂದು ಕೋಲು ಹೀಗೆ ಮಾಡಿದಾಗ ಆ ಅಚ್ಚರಿ ಕಾಣಲಿಲ್ಲ. ಕೋಲಿಗೆಲ್ಲಿಯ ಬೇಕು, ಎಲ್ಲಿಯ ಬೇಡ!